ಎರಡು ಸಲ ‘ನಾರ್ಮಲ್’ ಬಂದ ಕಬ್ಬಿಣದ ಟೆಸ್ಟ್: ಕಲಬುರಗಿಯ ಒಂದು ಪ್ರಕರಣ

“ಮೊದ್ಲೇ ಮೈಯಾಗ ರಗತ ಕಡಿಮಿ ಅದ ಅಂತೀರಿ. ಅದ್ರಾಗ ಮತ್ತ ಎರಡು ಬಾಟ್ಲಿ ತಗೀತೀರಿ. ಇದ್ಯಾವ ಲೆಕ್ಕರೀ ಸಾಹೇಬ್ರ?”

ಬಾಟ್ಲಿ ಎಂದರೆ ಬೆರಳುದ್ದದ ಟ್ಯೂಬು. ಎರಡೂ ಸೇರಿ ಒಂದೂವರೆ ಚಹಾ ಚಮಚ ರಕ್ತವಾದೀತು. ಮೈಯಲ್ಲಿ ಮೂರು ಲೀಟರಿಗಿಂತ ಜಾಸ್ತಿ ಇರುತ್ತದೆ. ಇಷ್ಟು ಹೇಳಿದ ಮೇಲೆ ಅಕ್ಕ ನಕ್ಕರು, ಆದರೆ ನಂಬಿದ ಹಾಗೆ ಕಾಣಲಿಲ್ಲ. ನಂಬದಿರಲು ಅವರಿಗೆ ಕಾರಣವೂ ಇತ್ತು. ಅದಕ್ಕೂ ಮೊದಲು ಎರಡು ಸಲ ಕಬ್ಬಿಣಾಂಶದ ಟೆಸ್ಟಿಗೆಂದು ರಕ್ತ ಕೊಟ್ಟಿದ್ದರು. ಎರಡು ಸಲವೂ ‘ನಾರ್ಮಲ್’ ಎಂದು ಕಾಗದ ಬಂದಿತ್ತು. ಎರಡನೇ ಕಾಗದ ನೋಡಿ “ಕಬ್ಬಿಣ ಸರಿ ಇದೆ” ಎಂದವನು ನಾನೇ.

ಈ ಪ್ರಕರಣ ಬರೆಯಲು ಅದೇ ಕಾರಣ. ಗುರುತು ಸಿಗಬಾರದೆಂದು ವಯಸ್ಸು, ಕೆಲಸ ಮಾಡುವ ಜಾಗ, ಮನೆಯವರ ಕೆಲವು ವಿವರ ಬದಲಿಸಿದ್ದೇನೆ. ಹೆಸರು ಬೇಡ, ಅಕ್ಕ ಎಂದೇ ಕರೆಯುತ್ತೇನೆ. ಕ್ಲಿನಿಕ್ಕಿನಲ್ಲಿಯೂ ಹಾಗೇ ಕರೆಯುವುದು.

ಹಿನ್ನೆಲೆ

ಅಕ್ಕನಿಗೆ 38 ವರ್ಷ. ಕಲಬುರಗಿಯ ಹೊರಭಾಗದ ಒಂದು ದಾಲ್ ಮಿಲ್ಲಿನಲ್ಲಿ ತೊಗರಿಬೇಳೆ ಹಸನು ಮಾಡುವ ಕೆಲಸ. ಮೂರು ಮಕ್ಕಳು. ದೊಡ್ಡವರಿಬ್ಬರು ಗಂಡು, ಕೊನೆಯವಳು ಹುಡುಗಿ, ಆಗ ನಾಲ್ಕನೇ ಕ್ಲಾಸು. ಗಂಡ ಗೌಂಡಿ ಕೆಲಸಕ್ಕೆ ಹೋಗಿ ಅರ್ಧ ವರ್ಷ ಪುಣೆಯಲ್ಲೇ ಇರುತ್ತಾರೆ.

ಎರಡು ವರ್ಷದಿಂದ ದಣಿವು. ಮಿಲ್ಲಿನ ಮೆಟ್ಟಿಲು ಹತ್ತಿದರೆ ಏದುಸಿರು. ಕೂತು ಎದ್ದರೆ “ತೆಲಿ ಗರ್ ಅಂತದ.” ಕೂದಲು ಉದುರುವುದು, ಖಾರ ತಿಂದರೆ ನಾಲಿಗೆ ಉರಿ. ನಮ್ಮ ಕಡೆ ಖಾರ ಬಿಡುವುದೆಂದರೆ ಊಟ ಬಿಟ್ಟ ಹಾಗೆಯೇ.

ಪ್ಲಾಸ್ಟಿಕ್ ಕವರಿನಲ್ಲಿ ಹಳೆಯ ಕಾಗದಗಳಿದ್ದವು. ಹಿಮೋಗ್ಲೋಬಿನ್ ನಾಲ್ಕು ಸಲ ನೋಡಿದ್ದರು: 9.4, 8.9, 9.6, 9.1. ಬಸುರಿಯಲ್ಲದ ಹೆಂಗಸರಿಗೆ 12 ಇರಬೇಕು. 8ರಿಂದ 10.9ರವರೆಗೆ ಮಧ್ಯಮ ರಕ್ತಹೀನತೆ ಎನ್ನುತ್ತೇವೆ. ಪ್ರತಿ ಸಲ ಕಬ್ಬಿಣದ ಕೆಂಪು ಗುಳಿಗೆ ಕೊಟ್ಟಿದ್ದರು. ತಿಂಗಳು ನುಂಗುವುದು, ಹೊಟ್ಟೆ ತೊಳಸಿದರೆ ಬಿಡುವುದು, ಮತ್ತೆ ದಣಿವಾದರೆ ಹೋಗುವುದು. ಎಲ್ಲ ಮನೆಗಳ ಕತೆ ಇದೇ ಅಲ್ವಾ?

ಮೊದಲನೇ ನಾರ್ಮಲ್

ಗುಳಿಗೆಗೆ ರಕ್ತ ಏರುತ್ತಿಲ್ಲವೆಂದು ಒಬ್ಬ ವೈದ್ಯರು ‘ಐರನ್ ಟೆಸ್ಟ್’ ಬರೆದುಕೊಟ್ಟಿದ್ದರು. ಯೋಚನೆ ಸರಿಯೇ. ಖಾಸಗಿ ಲ್ಯಾಬಿನಲ್ಲಿ ಸೀರಂ ಐರನ್, ಅಂದರೆ ರಕ್ತದಲ್ಲಿ ಓಡಾಡುವ ಕಬ್ಬಿಣದ ಅಳತೆ, ಅದೊಂದನ್ನೇ ಮಾಡಿದರು. ಬಂದದ್ದು 148. ಆ ಲ್ಯಾಬಿನ ಪ್ರಕಾರ 50ರಿಂದ 170 ಸರಿ. ಹಾಗಾಗಿ ಕಬ್ಬಿಣದ ಕೊರತೆ ಇಲ್ಲ, ಗುಳಿಗೆ ನಿಲ್ಲಿಸಿ ಎಂದರು. ನಾಲ್ಕು ತಿಂಗಳು ನಿಲ್ಲಿಸಿದರು.

ಅಂದು ಏನಾಗಿತ್ತು ಎಂದು ಅಕ್ಕನನ್ನು ಕೇಳಿದ್ದು ಬಹಳ ತಡವಾಗಿ. ಅವರ ಉತ್ತರ ಇನ್ನೂ ನೆನಪಿದೆ. “ಟೆಸ್ಟಿಗಿ ಹೋಗೋ ದಿನ ಗುಳಗಿ ತಪ್ಪಸಬಾರ್ದು ಅಂತ ಏಳಕ್ಕೇ ನುಂಗಿ ಹೋಗಿದ್ದೆರೀ.” ಪಾಪ, ಪರೀಕ್ಷೆಯ ದಿನ ಓದಿಕೊಂಡು ಹೋದ ಹಾಗೆ.

ಗುಳಿಗೆ ನುಂಗಿದ ಎರಡರಿಂದ ನಾಲ್ಕು ಗಂಟೆಯಲ್ಲಿ ರಕ್ತದಲ್ಲಿ ಓಡಾಡುವ ಕಬ್ಬಿಣ ಏರುತ್ತದೆ. ರಕ್ತ ಕೊಟ್ಟದ್ದು ಹತ್ತು ಗಂಟೆಗೆ. ಇನ್ನೊಂದು ತಮಾಷೆ ಎಂದರೆ, ಬರಿಹೊಟ್ಟೆಯಲ್ಲಿ ಬನ್ನಿ ಎಂದು ಹೇಳಿದ್ದರಿಂದ ಅಂದು ಚಹಾ ಕುಡಿದಿರಲಿಲ್ಲ. ಉಳಿದ ದಿನ ಗುಳಿಗೆ ನುಂಗುತ್ತಿದ್ದುದೇ ಚಹಾದ ಜೊತೆ. ಚಹಾದಲ್ಲಿರುವ ಒಗರು ಕಬ್ಬಿಣವನ್ನು ಕರುಳಿನಲ್ಲಿಯೇ ಹಿಡಿದಿಟ್ಟುಕೊಳ್ಳುತ್ತದೆ, ಒಳಗೆ ಬಿಡುವುದಿಲ್ಲ. ಅಂದರೆ ಎರಡು ವರ್ಷದಲ್ಲಿ ಆ ಗುಳಿಗೆ ಸರಿಯಾಗಿ ಮೈಗೆ ಹತ್ತಿದ್ದು ಟೆಸ್ಟಿನ ದಿನ ಮಾತ್ರ ಇರಬಹುದು!

ಎರಡನೇ ನಾರ್ಮಲ್, ನನ್ನದು

ನನ್ನ ಹತ್ತಿರ ಬಂದಾಗ ಮಾರ್ಚ್ ಕೊನೆ. ಹೊಸ ತೊಗರಿ ಬಂದು ಮಿಲ್ಲುಗಳೆಲ್ಲ ಜೋರಾಗಿ ನಡೆಯುವ ಹೊತ್ತು. ಅಕ್ಕ ಅರ್ಧ ದಿನದ ರಜೆ ಹಾಕಿ ಬಂದಿದ್ದರು, ಕಣ್ಣೆಲ್ಲ ಗೋಡೆಯ ಗಡಿಯಾರದ ಮೇಲೆ.

ಪೂರ್ತಿ ರಕ್ತಕಣಗಳ ಎಣಿಕೆ ಮತ್ತು ಫೆರಿಟಿನ್ ಬರೆದೆ. ಫೆರಿಟಿನ್ ಎಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಂದಾಜು ಕೊಡುವ ಟೆಸ್ಟು. ಸೀರಂ ಐರನ್ ಗಂಟೆಗೊಂದು ಥರ ಇರುತ್ತದೆ, ಫೆರಿಟಿನ್ ಅಷ್ಟು ಚಂಚಲ ಅಲ್ಲ. ಅಕ್ಕನಿಗೆ ಮಿಲ್ಲಿನ ಭಾಷೆಯಲ್ಲಿಯೇ ಹೇಳಿದೆ: ಹಿಂದೆ ಎಣಿಸಿದ್ದು ರಸ್ತೆಯಲ್ಲಿ ಹೋಗುವ ಲಾರಿಯ ಚೀಲ, ಈಗ ನೋಡುವುದು ಗೋದಾಮು. ಖರ್ಚು ಅವರ ಎರಡು ದಿನದ ಕೂಲಿಯಷ್ಟು. ಸುಮ್ನೆ ಬರೆಯುವ ಟೆಸ್ಟಲ್ಲ.

ಸಂಜೆ ಬಂದ ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ 8.2. ಗುಳಿಗೆ ಬಿಟ್ಟ ನಾಲ್ಕು ತಿಂಗಳಲ್ಲಿ ಸುಮಾರು ಒಂದು ಗ್ರಾಂ ಇಳಿದಿತ್ತು. ಕೆಂಪು ಕಣಗಳ ಗಾತ್ರ, ಎಂಸಿವಿ ಎನ್ನುತ್ತೇವಲ್ಲ, 68. 80ಕ್ಕಿಂತ ಕಡಿಮೆ ಎಂದರೆ ಕಣ ಸಣ್ಣ. ಫೆರಿಟಿನ್ 41. ಲ್ಯಾಬಿನ ಪಟ್ಟಿಯಲ್ಲಿ 13ರಿಂದ 150 ಸರಿ. ಕೆಂಪು ಅಕ್ಷರವಿಲ್ಲ, ನಕ್ಷತ್ರದ ಗುರುತಿಲ್ಲ.

ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು. ಕಣ ಸಣ್ಣ, ಕಬ್ಬಿಣ ಸರಿ, ಹಾಗಾದರೆ ಥಲಸ್ಸೀಮಿಯಾ (ತಂದೆತಾಯಿಯಿಂದ ಬರುವ ರಕ್ತದ ದೋಷ) ವಾಹಕಿ ಇರಬಹುದು ಎಂದುಕೊಂಡೆ. ಪುಸ್ತಕದ ಪ್ರಕಾರ ತಪ್ಪು ಯೋಚನೆಯಲ್ಲ. ಆ ಟೆಸ್ಟಿಗೆ ಚೀಟಿಯನ್ನೂ ಬರೆದೆ. ಅದು ಫೆರಿಟಿನ್‌ಗಿಂತ ದುಬಾರಿ. ಅಕ್ಕ ಚೀಟಿ ಮಡಚುತ್ತ ಕೇಳಿದರು: “ಎರಡು ಕಾಗದದಾಗೂ ಛಲೋ ಅದ ಅಂತ ಬಂದದ. ಹಂಗಾದ್ರ ನಂಗ್ಯಾಕ್ ಹಿಂಗ್ ಆಗ್ಲತ್ತದ?” ಅದಕ್ಕೇ ಈ ಟೆಸ್ಟ್ ಎಂದೆ. ಉತ್ತರ ಅದಲ್ಲ ಎಂದು ನನಗೂ ಅನಿಸಿತ್ತು.

ರಾತ್ರಿ ಆ ಪ್ರಶ್ನೆ ಬಿಡಲಿಲ್ಲ. ರಿಪೋರ್ಟ್ ಮತ್ತೆ ತೆಗೆದು ಸಂಜೆಯೇ ಮಾಡಬೇಕಿದ್ದ ಭಾಗಾಕಾರ ಮಾಡಿದೆ. ಕಣದ ಗಾತ್ರವನ್ನು ಕಣಗಳ ಸಂಖ್ಯೆಯಿಂದ ಭಾಗಿಸುವುದು. ಮೆಂಟ್ಜರ್ ಸೂಚ್ಯಂಕ ಎಂದು ಹೆಸರು, ನಾಲ್ಕನೇ ಕ್ಲಾಸಿನ ಗಣಿತ. 13ಕ್ಕಿಂತ ಕಡಿಮೆ ಬಂದರೆ ಥಲಸ್ಸೀಮಿಯಾ ವಾಹಕತೆಯ ಕಡೆಗೆ, ಹೆಚ್ಚು ಬಂದರೆ ಕಬ್ಬಿಣದ ಕೊರತೆಯ ಕಡೆಗೆ ವಾಲುತ್ತದೆ. ಅಕ್ಕನದು 68 ಭಾಗ 3.9, ಅಂದರೆ 17.4. ಕಣಗಳ ಗಾತ್ರದಲ್ಲಿ ಏರುಪೇರೂ ಜಾಸ್ತಿ ಇತ್ತು, ಆರ್‌ಡಿಡಬ್ಲ್ಯೂ 19. ಕೆಂಪು ಕಣಗಳೆಲ್ಲ ಕಬ್ಬಿಣ ಇಲ್ಲ ಎನ್ನುತ್ತಿವೆ, ಫೆರಿಟಿನ್ ಒಂದೇ ಇದೆ ಎನ್ನುತ್ತಿದೆ. ಇಬ್ಬರಲ್ಲಿ ಒಬ್ಬರು ಸುಳ್ಳು.

ಬೆಳಿಗ್ಗೆ ಫೋನ್ ಮಾಡಿ ಆ ದುಬಾರಿ ಟೆಸ್ಟ್ ಸದ್ಯಕ್ಕೆ ಬೇಡ, ಒಮ್ಮೆ ಬಂದು ಹೋಗಿ ಎಂದೆ.

ಬಳಪ

ರವಿವಾರ ಬಂದರು, ಜೊತೆಗೆ ಮಗಳು. ನಾನು ಕೇಳಬೇಕೆಂದು ಪಟ್ಟಿ ಮಾಡಿಕೊಂಡಿದ್ದೆ. ಅದರ ಅಗತ್ಯ ಬೀಳಲಿಲ್ಲ. ಅಕ್ಕ ಕುಪ್ಪಸದೊಳಗಿನ ಸಣ್ಣ ಪರ್ಸ್ ತೆಗೆದು ಹಳೆಯ ಚೀಟಿ ಹುಡುಕುವಾಗ ಅರ್ಧ ಬಳಪದ ತುಂಡೊಂದು ಮೇಜಿನ ಮೇಲೆ ಬಿತ್ತು. ಪಾಟಿಯ ಮೇಲೆ ಬರೆಯುತ್ತಾರಲ್ಲ, ಆ ಬೂದು ಬಳಪ. ಒಂದು ತುದಿಯಲ್ಲಿ ಹಲ್ಲಿನ ಗುರುತು.

ಹುಡುಗಿ ಕಿಸಕ್ಕನೆ ನಕ್ಕಳು. “ನನ್ ಬಳಪ ಎಲ್ಲಾ ಅವ್ವನೇ ತಿಂತಾಳರೀ. ಡಬ್ಬಿ ತಂದ್ರ ಎರಡು ದಿನಕ್ಕ ಖಾಲಿ.”

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಒಂದೂವರೆ ವರ್ಷದಿಂದ ತಿನ್ನುತ್ತಿದ್ದರಂತೆ. ಮಿಲ್ಲಿನ ಗೆಳತಿಯರಿಗೆ ಗೊತ್ತು, ಅವರಲ್ಲೂ ಒಬ್ಬರಿಬ್ಬರು ತಿನ್ನುತ್ತಾರೆ. ಡಾಕ್ಟರಿಗೆ ಹೇಳುವ ವಿಷಯ ಎಂದು ಅನಿಸಿರಲಿಲ್ಲ. ಯಾವ ಡಾಕ್ಟರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಬಳಪ, ಒಲೆಯ ಮಣ್ಣು, ಹಸಿ ಅಕ್ಕಿ, ಬರ್ಫು ಇವುಗಳ ಮೇಲೆ ತಡೆಯಲಾಗದ ಚಪಲ ಕಬ್ಬಿಣದ ಕೊರತೆಯ ಹಳೆಯ ಗುರುತು. ಚಟ ಎಂದು ಮನೆಯವರು ಬೈಯುತ್ತಾರೆ. ಅಕ್ಕನ ಅತ್ತೆಯೂ ಬೈಯುತ್ತಿದ್ದರಂತೆ.

ಅಲ್ಲಿಗೆ ಕಬ್ಬಿಣ ಕಡಿಮೆ ಎನ್ನುವುದು ನನಗೆ ಖಾತ್ರಿಯಾಯಿತು. 41 ಎಲ್ಲಿಂದ ಬಂತು ಎನ್ನುವುದಷ್ಟೇ ಉಳಿದದ್ದು.

ಅದನ್ನು ಹಿಡಿದವರು ನಮ್ಮ ಸಿಸ್ಟರ್. ತೂಕ ನೋಡಲು ಕಾಟಾದ ಮೇಲೆ ನಿಲ್ಲಿಸಿದಾಗ ಅಕ್ಕ ಎಡಗಾಲನ್ನು ಸೀರೆಯೊಳಗೆ ಎಳೆದುಕೊಂಡರು. ಸಿಸ್ಟರ್ ಮೆಲ್ಲಗೆ ಒಳಗೆ ಕರೆದುಕೊಂಡು ಹೋದರು. ಹೊರಗೆ ಬಂದು ನನಗೆ ಒಂದೇ ಮಾತು ಹೇಳಿದರು: “ಆನೆಕಾಲು ಅದ ಸರ್. ಇನ್ನೂ ಕೆಂಪಗದ.”

ಕಲಬುರಗಿ, ಬೀದರ್, ಯಾದಗಿರಿ ಮೂರೂ ಆನೆಕಾಲು ರೋಗದ ಜಿಲ್ಲೆಗಳೇ. ಹೀಗಿದ್ದೂ ದಣಿವು ಎಂದು ಬಂದವರ ಕಾಲು ನೋಡಬೇಕು ಎಂದು ನನಗೆ ಹೊಳೆಯಲಿಲ್ಲ. ಅಕ್ಕನಿಗೆ ಹತ್ತು ವರ್ಷದಿಂದ ಎಡಗಾಲು ಬಾವು. ವರ್ಷಕ್ಕೆ ಮೂರು ನಾಲ್ಕು ಸಲ ಚಳಿಜ್ವರ ಬಂದು ಕಾಲು ಕೆಂಪಾಗಿ ಸುಡುತ್ತದೆ, ಒಂದು ವಾರ ಮಲಗಿಸುತ್ತದೆ. ಬೆರಳ ಸಂದಿಯ ಬಿರುಕಿನಿಂದ ಸೋಂಕು ಒಳಗೆ ಹೋದಾಗ ಹೀಗಾಗುತ್ತದೆ. ಈ ವರ್ಷ ಹೋಳಿಯಾದ ಐದನೇ ದಿನ ಶರಣಬಸವೇಶ್ವರ ತೇರಿಗೆ ಬರಿಗಾಲಲ್ಲಿ ಹೋಗಿದ್ದರು. ಮರುದಿನವೇ ಜ್ವರ. ನಾನು ಫೆರಿಟಿನ್‌ಗೆ ರಕ್ತ ತೆಗೆಸಿದ್ದು ಅದರ ಆರನೇ ದಿನ.

ಫೆರಿಟಿನ್ ಟೆಸ್ಟಿನ ದೋಷ ಇದೇ. ಮೈಯಲ್ಲಿ ಸೋಂಕು, ಉರಿಯೂತ ಇದ್ದರೆ ಅದು ತಾನಾಗಿಯೇ ಏರುತ್ತದೆ. ಕಬ್ಬಿಣ ರೋಗಾಣುಗಳಿಗೂ ಬೇಕು, ಅದಕ್ಕೆ ಮೈ ಅದನ್ನು ಮುಚ್ಚಿಡಲು ನೋಡುತ್ತದೆ. ಮತ್ತೆ ಗೋದಾಮಿನ ಉದಾಹರಣೆಗೇ ಹೋದೆ. ಊರಲ್ಲಿ ಕಳ್ಳರು ಬಂದಿದ್ದಾರೆ, ಸಾಹುಕಾರ ಬೀಗ ಜಡಿದಿದ್ದಾನೆ, ಒಳಗೆ ನಾಲ್ಕೇ ಚೀಲ ಇದ್ದರೂ ಹೊರಗಿನಿಂದ ನೋಡಿದವರಿಗೆ ತುಂಬಿದ ಗೋದಾಮು ಅನಿಸುತ್ತದೆ. “ಹೌದ್ರಿ, ನಮ್ ಸಾವಕಾರ್ರೂ ಹಂಗೇ ಮಾಡ್ತಾರ” ಎಂದರು ಅಕ್ಕ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಇದಕ್ಕೆ ಎರಡು ಗೆರೆ ಎಳೆದಿದೆ. ಆರೋಗ್ಯವಾಗಿರುವ ದೊಡ್ಡವರಲ್ಲಿ ಫೆರಿಟಿನ್ 15ಕ್ಕಿಂತ ಕಡಿಮೆ ಇದ್ದರೆ ಕೊರತೆ. ಸೋಂಕು ಅಥವಾ ಉರಿಯೂತ ಇದ್ದರೆ 70ಕ್ಕಿಂತ ಕಡಿಮೆ ಇದ್ದರೂ ಕೊರತೆ. ಲ್ಯಾಬಿನ ಕಾಗದದಲ್ಲಿ ಈ ಎರಡನೇ ಗೆರೆ ಇರುವುದಿಲ್ಲ. ಜ್ವರ ಇತ್ತೋ ಇಲ್ಲವೋ ಎಂದು ಲ್ಯಾಬಿಗೆ ಗೊತ್ತಾಗುವುದಾದರೂ ಹೇಗೆ? ಅದನ್ನು ಚೀಟಿಯಲ್ಲಿ ಬರೆಯಬೇಕಾದವನು ನಾನು. ಅಂದೇ ಉರಿಯೂತ ಎಷ್ಟಿದೆ ಎಂದು ತೋರಿಸುವ ಸಿಆರ್‌ಪಿ ಟೆಸ್ಟ್ ಮಾಡಿಸಿದೆ. 5ರೊಳಗೆ ಇರಬೇಕಾದದ್ದು 19 ಇತ್ತು. ಜ್ವರ ಇಳಿದಿದ್ದರೂ ಒಳಗಿನ ಉರಿ ಆರಿರಲಿಲ್ಲ.

ಕಾಯುವುದೋ, ಶುರು ಮಾಡುವುದೋ

ಇಲ್ಲಿ ಒಂದು ನಿರ್ಧಾರ ಮಾಡಬೇಕಿತ್ತು. 70ರ ಗೆರೆ ಹಿಡಿದರೆ ಕೊರತೆ ಇದೆ, ಅಂದೇ ಗುಳಿಗೆ ಶುರು ಮಾಡಬಹುದಿತ್ತು. ಬೇರೆಯವರು ಹಾಗೆ ಮಾಡಿದರೆ ತಪ್ಪೆನ್ನುವುದಿಲ್ಲ. ನಾಲ್ಕು ವಾರದಲ್ಲಿ ಹಿಮೋಗ್ಲೋಬಿನ್ ಒಂದೆರಡು ಗ್ರಾಂ ಏರಿದರೆ ಅದೇ ಪುರಾವೆ, ಟೆಸ್ಟಿನ ದುಡ್ಡೂ ಉಳಿಯುತ್ತದೆ.

ನಾನು ಎರಡೂವರೆ ವಾರ ಕಾದೆ. ಅಕ್ಕನಿಗೆ ಎರಡು ಸಲ ‘ಕಬ್ಬಿಣ ಸರಿ ಇದೆ’ ಎಂಬ ಕಾಗದ ಸಿಕ್ಕಿತ್ತು. ಈಗ ಬರಿ ಮಾತಿನಲ್ಲಿ “ಇಲ್ಲ, ಕಡಿಮೆ ಇದೆ, ಆರು ತಿಂಗಳು ಗುಳಿಗೆ ನುಂಗಿ” ಎಂದರೆ ಎಷ್ಟು ದಿನ ನುಂಗುತ್ತಾರೆ? ಹೊಟ್ಟೆ ತೊಳಸಿದ ಮೊದಲ ವಾರಕ್ಕೇ ಬಿಡುತ್ತಾರೆ. ಕಾಗದ ಕೆಡಿಸಿದ ನಂಬಿಕೆಯನ್ನು ಕಾಗದದಿಂದಲೇ ಸರಿ ಮಾಡೋಣ ಅನಿಸಿತು. ಕುಳಿತಲ್ಲಿ ಉಸಿರು ಕಟ್ಟುವ ಹಾಗಿದ್ದರೆ, ಎದೆ ಹಿಡಿದಂತೆ ಆಗುತ್ತಿದ್ದರೆ ಕಾಯುತ್ತಿರಲಿಲ್ಲ.

ಆ ಎರಡೂವರೆ ವಾರ ಕಾಲಿನ ಆರೈಕೆ. ಸೋಂಕಿಗೆ ಔಷಧಿ ಕೊಟ್ಟೆ. ದಿನಾ ಸಾಬೂನು ಹಚ್ಚಿ ಕಾಲು ತೊಳೆಯುವುದು, ಬೆರಳ ಸಂದಿ ಒಣಬಟ್ಟೆಯಿಂದ ಒರೆಸಿ ಮುಲಾಮು ಹಚ್ಚುವುದು, ಮಲಗುವಾಗ ಕಾಲ ಕೆಳಗೆ ದಿಂಬು. ತೊಳೆಯಲು ಸರ್ಕಾರದಿಂದ ಸಿಗುವ ಟಬ್, ಮಗ್ಗು, ಟವೆಲಿನ ಕಿಟ್ಟಿಗೆ ಸಿಸ್ಟರೇ ಓಡಾಡಿದರು.

ಅದೇ ಸಮಯಕ್ಕೆ ಕಬ್ಬಿಣ ಎಲ್ಲಿ ಸೋರುತ್ತಿದೆ ಎಂದು ಹುಡುಕಿದೆವು. ಹುಡುಕದೆ ಗುಳಿಗೆ ಕೊಟ್ಟರೆ ತೂತಿನ ಕೊಡಕ್ಕೆ ನೀರು ಹೊಯ್ದ ಹಾಗೆ. ಮುಟ್ಟಿನ ವಿಷಯ ನನ್ನ ಮುಂದೆ ಹೇಳಲಿಲ್ಲ, ಸಿಸ್ಟರ್ ಹತ್ತಿರ ಹೇಳಿದರು. ಏಳು ದಿನ, ಮೊದಲ ಮೂರು ದಿನ ರಾತ್ರಿ ಎರಡು ಸಲ ಎದ್ದು ಬಟ್ಟೆ ಬದಲಿಸುವಷ್ಟು, ಗಡ್ಡೆಗಡ್ಡೆಯಾಗಿ. ಒಂದು ಮುಟ್ಟಿನಲ್ಲಿ 80 ಮಿಲಿಲೀಟರಿಗಿಂತ ಹೆಚ್ಚು ಹೋದರೆ ಅದು ಜಾಸ್ತಿಯೇ. ಒಳ್ಳೆಯ ರಕ್ತದ ಒಂದು ಮಿಲಿಲೀಟರಿನಲ್ಲಿ ಅರ್ಧ ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಊಟದಿಂದ ಮೈಗೆ ಹತ್ತುವುದು ದಿನಕ್ಕೆ ಒಂದೆರಡು ಮಿಲಿಗ್ರಾಂ. ಜೋಳದ ರೊಟ್ಟಿ, ಬ್ಯಾಳಿ, ಪುಂಡಿಪಲ್ಯ, ಶೇಂಗಾ ಹಿಂಡಿ ಎಲ್ಲ ತಿನ್ನುತ್ತಿದ್ದರು. ಊಟ ಚೆನ್ನಾಗಿಲ್ಲ ಎಂದು ಬೈಯುವುದು ಸುಲಭ, ಇಲ್ಲಿ ತಪ್ಪು ಊಟದ್ದಲ್ಲ.

ಹೊಟ್ಟೆಯ ಸ್ಕ್ಯಾನಿಂಗಿನಲ್ಲಿ ಗರ್ಭಕೋಶದಲ್ಲಿ ಎರಡೂವರೆ ಸೆಂಟಿಮೀಟರಿನ ಗಡ್ಡೆ ಕಂಡಿತು. ಕ್ಯಾನ್ಸರ್ ಅಲ್ಲ. ಆಗ ಅಕ್ಕ ಇನ್ನೊಂದು ಚೀಟಿ ತೆಗೆದರು. ಹಿಂದಿನ ವರ್ಷ ಯಾರೋ “ಚೀಲ ತೆಗಿಸಿಬಿಡು” ಎಂದು ಬರೆದುಕೊಟ್ಟದ್ದು. ಚೀಲ ಎಂದರೆ ಗರ್ಭಕೋಶ. ದುಡ್ಡು ಹೊಂದದ್ದರಿಂದ ಉಳಿದಿತ್ತು. ಬಿಳಿಸೆರಗು, ಹೊಟ್ಟೆನೋವು ಎಂದು ಹೋದ ಚಿಕ್ಕ ವಯಸ್ಸಿನ ಹೆಂಗಸರ ಚೀಲ ತೆಗೆದದ್ದು ನಮ್ಮ ಜಿಲ್ಲೆಯಲ್ಲಿ ದೊಡ್ಡ ಸುದ್ದಿಯಾಗಿ, ತನಿಖೆಗಳೇ ನಡೆದವು. ಹಾಗಾಗಿ ಇಂಥ ಚೀಟಿ ನೋಡಿದರೆ ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಓದುತ್ತೇನೆ. ಸ್ತ್ರೀರೋಗ ತಜ್ಞೆಯಾದ ಗೆಳತಿಗೆ ತೋರಿಸಿದೆ. ಇಷ್ಟು ಸಣ್ಣ ಗಡ್ಡೆಗೆ ಆಪರೇಷನ್ ಬೇಡ, ಮುಟ್ಟಿನ ದಿನಗಳಲ್ಲಿ ರಕ್ತ ಕಡಿಮೆ ಮಾಡುವ ಟ್ರಾನೆಕ್ಸಾಮಿಕ್ ಆಮ್ಲದ ಗುಳಿಗೆ ಸಾಕು, ನಾಲ್ಕು ತಿಂಗಳು ನೋಡೋಣ ಎಂದರು. ಬಾವು ಕಾಲಿನ ರಕ್ತನಾಳದಲ್ಲಿ ಹೆಪ್ಪು ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಶುರು ಮಾಡಿದರು.

ಮೂರನೇ ಟೆಸ್ಟ್

ಈ ಬರಹದ ಮೊದಲಿನ ಮಾತು ಅಕ್ಕ ಆಡಿದ್ದು ಆ ದಿನ, ಏಪ್ರಿಲ್ ಮಧ್ಯದಲ್ಲಿ. ಬೆಳಿಗ್ಗೆ ಎಂಟೂವರೆ, ಆಗಲೇ ಬಿಸಿಲು ಚುರುಗುಡುತ್ತಿತ್ತು. ಬರಿಹೊಟ್ಟೆ, ಗುಳಿಗೆ ಇಲ್ಲ, ಮೂರು ವಾರದಿಂದ ಜ್ವರ ಇಲ್ಲ. ಹಳದಿ ಮುಚ್ಚಳದ ಟ್ಯೂಬು ಕಬ್ಬಿಣ, ಫೆರಿಟಿನ್, ಸಿಆರ್‌ಪಿಗೆ. ನೇರಳೆ ಮುಚ್ಚಳದ್ದು ಕಣಗಳ ಎಣಿಕೆಗೆ. ನೇರಳೆ ಟ್ಯೂಬಿನಲ್ಲಿರುವ ರಾಸಾಯನಿಕ ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ, ಅದರಿಂದ ಕಬ್ಬಿಣದ ಟೆಸ್ಟ್ ಮಾಡಲು ಬರುವುದಿಲ್ಲ. ಎರಡು ಬಾಟ್ಲಿ ಯಾಕೆ ಎನ್ನುವ ಪ್ರಶ್ನೆಗೆ ಉತ್ತರ ಅದು.

ಸಿಆರ್‌ಪಿ 4. ಫೆರಿಟಿನ್ 9.

ಸೀರಂ ಐರನ್ 25, ಅದನ್ನು ಹೊರುವ ಒಟ್ಟು ಸಾಮರ್ಥ್ಯ, ಅಂದರೆ ಟಿಐಬಿಸಿ, 440. ನೂರು ಲಾರಿ ನಿಂತಿದ್ದರೆ ತುಂಬಿದ್ದು ಆರೂ ಇಲ್ಲ. 20ರಿಂದ 50 ಇರಬೇಕಿತ್ತು. ಅಕ್ಕ 41ರ ಕಾಗದವನ್ನೂ 9ರ ಕಾಗದವನ್ನೂ ಪಕ್ಕಪಕ್ಕ ಇಟ್ಟು ಸ್ವಲ್ಪ ಹೊತ್ತು ನೋಡಿದರು. “ಅಂದ್ರ ನಾ ಸುಮ್ನೆ ಹೇಳ್ತಿದ್ದಿಲ್ಲ” ಎಂದರು. ಅತ್ತೆಗೆ ತೋರಿಸಲು ಎರಡನ್ನೂ ಒಯ್ದರು.

ಆಮೇಲೆ

ಅಕ್ಕ ಕೇಳಿದ್ದು ಬಾಟ್ಲಿ ಏರಿಸಿ ಎಂದು, ಅಂದರೆ ಡ್ರಿಪ್ಪಿನಲ್ಲಿ ಕಬ್ಬಿಣ ಕೊಡಿ ಎಂದು. ಪಕ್ಕದ ಮನೆಯವರಿಗೆ ಹಾಗೆ ಮಾಡಿದ್ದರಂತೆ. ನರಕ್ಕೆ ಕೊಡುವ ಕಬ್ಬಿಣ ಒಳ್ಳೆಯದೇ, ಆದರೆ ಅಕ್ಕ ಗುಳಿಗೆಯನ್ನು ಸರಿಯಾದ ರೀತಿಯಲ್ಲಿ ಒಂದು ವಾರವೂ ನುಂಗಿರಲಿಲ್ಲ. ಮೊದಲು ಅದನ್ನು ನೋಡೋಣ ಎಂದೆ. ಸರ್ಕಾರಿ ಕೆಂಪು ಗುಳಿಗೆಯೇ, 60 ಮಿಲಿಗ್ರಾಂ ಕಬ್ಬಿಣದ್ದು. ಬೆಳಿಗ್ಗೆ ಎದ್ದ ಕೂಡಲೇ ನಿಂಬೆಹಣ್ಣಿನ ನೀರಲ್ಲಿ, ಚಹಾ ಒಂದೂವರೆ ಗಂಟೆ ಬಿಟ್ಟು. ವರ್ಷದಿಂದ ದಿನಾ ನುಂಗುತ್ತಿದ್ದ ಗ್ಯಾಸಿನ ಗುಳಿಗೆ ನಿಲ್ಲಿಸಿದೆ. ಹೊಟ್ಟೆಯ ಹುಳಿ ಕಡಿಮೆಯಾದರೆ ಕಬ್ಬಿಣವೂ ಹತ್ತುವುದಿಲ್ಲ. ಚಹಾದ ವಿಷಯಕ್ಕೆ ಮಾತ್ರ ಜಗಳವಾಯಿತು. ಎದ್ದ ಕೂಡಲೇ ಚಹಾ ಇಲ್ಲದೆ ನಮ್ಮ ಕಡೆ ಹೊತ್ತು ಹುಟ್ಟುವುದಿಲ್ಲ. ಕೊನೆಗೆ ಗುಳಿಗೆಯನ್ನೇ ಐದು ಗಂಟೆಗೆ, ನೀರು ತುಂಬುವ ಹೊತ್ತಿಗೆ ತಳ್ಳಿದೆವು.

ಹತ್ತನೇ ದಿನಕ್ಕೆ ಹೊಟ್ಟೆ ತೊಳಸುತ್ತದೆ ಎಂದು ಬಂದರು. ದಿನ ಬಿಟ್ಟು ದಿನ ನುಂಗಿ ಎಂದೆ. ಒಂದು ಗುಳಿಗೆಯ ಮರುದಿನ ಕರುಳು ಕಬ್ಬಿಣಕ್ಕೆ ಅಷ್ಟಾಗಿ ಬಾಗಿಲು ತೆರೆಯುವುದಿಲ್ಲ, ಹಾಗಾಗಿ ನಷ್ಟ ಅಷ್ಟೇನಿಲ್ಲ. ಅಲ್ಲಿಂದ ನಿಲ್ಲಿಸಲಿಲ್ಲ.

ಮೊದಲು ಹೋದದ್ದು ಬಳಪದ ಚಪಲ, ಎರಡೇ ವಾರದಲ್ಲಿ. ಹಿಮೋಗ್ಲೋಬಿನ್ ಇನ್ನೂ ಅಲ್ಲಾಡಿರಲಿಲ್ಲ. ನಾಲ್ಕನೇ ವಾರಕ್ಕೆ 9.4, ಹತ್ತನೇ ವಾರಕ್ಕೆ 11.1. ನಡುವೆ ತವರಿನಲ್ಲಿ ಮದುವೆ ಎಂದು ಮೂರು ವಾರ ಗುಳಿಗೆ ಮರೆತರು, ಅಲ್ಲಿ ಸ್ವಲ್ಪ ಜಾರಿತು. ಮುಟ್ಟಿನ ರಕ್ತ ಅರ್ಧಕ್ಕರ್ಧ ಕಡಿಮೆಯಾಯಿತು. ಚೀಲದ ಚೀಟಿ ಏನಾಯಿತೋ ನಾನು ಕೇಳಲಿಲ್ಲ. ಮಗಳ ರಕ್ತವನ್ನೂ ನೋಡಿದೆವು, ಅವಳದು 10.8. ಶಾಲೆಯಲ್ಲಿ ಕೊಡುವ ಗುಲಾಬಿ ಗುಳಿಗೆಯನ್ನು ಕಿಟಕಿಯಿಂದ ಹೊರಗೆ ಎಸೆಯುತ್ತಿದ್ದಳಂತೆ. ಅದು ಬೇರೆ ಕತೆ.

ನನ್ನ ಟೆಸ್ಟ್ ಚೀಟಿಯ ಕೆಳಗೆ ಈಗ ಒಂದು ರಬ್ಬರ್ ಮುದ್ರೆ ಬೀಳುತ್ತದೆ: ಕೊನೆಯ ಗುಳಿಗೆ ಯಾವಾಗ? ಒಂದು ತಿಂಗಳಲ್ಲಿ ಜ್ವರ, ಬಾವು, ಗಾಯ ಇತ್ತೇ? ಬಳಪ, ಮಣ್ಣು, ಅಕ್ಕಿ ತಿನ್ನುತ್ತೀರಾ? ಮೂರನೆಯದನ್ನು ಸಿಸ್ಟರ್ ಕೇಳುತ್ತಾರೆ. ಅವರಿಗೆ ಸಿಗುವ ಉತ್ತರ ನನಗೆ ಸಿಗುವುದಿಲ್ಲ.

ಆರನೇ ತಿಂಗಳಿಗೆ ಕೊನೆಯ ಫೆರಿಟಿನ್ ನೋಡಬೇಕಿತ್ತು. ಅದರ ಹಿಂದಿನ ವಾರ ಮಳೆ ಜೋರಾಗಿ ಓಣಿಯೆಲ್ಲ ಕೆಸರಾಗಿತ್ತು. ಅಕ್ಕ ಫೋನ್ ಮಾಡಿದರು.

“ಸಾಹೇಬ್ರ, ಕಾಲಿಗಿ ಮತ್ತ ಜ್ವರ ಬಂದದರೀ. ಸೋಮವಾರ ರಗತ ಕೊಡ್ಲಕ್ಕ ಬರಬೇಕೋ ಬ್ಯಾಡೋ?”

ಬೇಡ, ಕಾಲು ತೋರಿಸಲು ಬನ್ನಿ, ರಕ್ತಕ್ಕೆ ಮೂರು ವಾರ ಬಿಟ್ಟು ಬನ್ನಿ ಎಂದೆ.

“ನಾನೂ ಹಂಗೇ ಅನ್ಕೊಂಡೆ” ಎಂದರು.